ತಲಕಾಡಿಗೆ ಹೋಗಿಬಂದುದು

ಮೈಸೂರಿನಿಂದ ತಲಕಾಡು ಸುಮಾರು 45 ಕಿಲೋಮೀಟರು. ಬೆಳಗ್ಗೆ ಹೊರಟು, ನೋಡತಕ್ಕದ್ದನ್ನೆಲ್ಲ ನೋಡಿ, ಕತ್ತಲಾಗುವುದರೊಳಗೆ ಮನೆಗೆ ಬಂದು ದೀಪ ಹಚ್ಚಬಹುದು. ಇಷ್ಟು ಸಮೀಪದ ಊರನ್ನು ಕುರಿತು ಪ್ರವಾಸಕಥನ ಬರೆಯಹೊರಟರೆ ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಉಪಾಧ್ಯಾಯವೃತ್ತಿಯಲ್ಲಿದ್ದ ಕಾಲದಲ್ಲಿ ನಾವು ಹುಡುಗರ ದಂಡನ್ನು ಕಟ್ಟಿಕೊಂಡು ಮೂರು ಸಲ ಅಲ್ಲಿಗೆ ಹೋಗಿದ್ದುದುಂಟು. ಮೂರು ಸಲವೂ ಹುಡುಗರ ತಲೆಗಳನ್ನು ಎಣಿಸುವುದರಲ್ಲಿಯೇ ಹೊತ್ತು ಕಳೆದುಹೋಗಿ, ದೇವಾಲಯಗಳನ್ನು ಕಂಡೆವೆಂದು ಹೇಳುವಂತಿರಲಿಲ್ಲ. 2025ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಾಲ್ಕನೆಯ ಸಲ ಹೋದೆವು. ಈ ಬಾರಿ ಎಣಿಸಬೇಕಾಗಿದ್ದ ತಲೆಗಳು ಎರಡೇ. ನಮ್ಮದೊಂದು, ನಮ್ಮ ಮನೆಯಾಕೆಯದೊಂದು.

ಈ ಪ್ರಯಾಣಕ್ಕೆ ಕಾರಣವಾದುದು ಪುಣ್ಯಾಪೇಕ್ಷೆಯಲ್ಲ, ಶಾಸನಗಳ ಕುತೂಹಲವೂ ಅಲ್ಲ. ಆ ಕಾರಣವನ್ನು ಮೊದಲು ಹೇಳದಿದ್ದರೆ ಮುಂದಿನದು ಅರ್ಥವಾಗದು. ಹೇಳುವುದಕ್ಕೆ ನಮಗೆ ಸಂಕೋಚವಿದ್ದಿತು. “ಬರೆಯಿರಿ, ನಮ್ಮಂಥವರು ಎಷ್ಟೋ ಮನೆಗಳಲ್ಲಿದ್ದಾರೆ” ಎಂದು ಆಕೆಯೇ ಅಪ್ಪಣೆ ಕೊಟ್ಟಿರುವುದರಿಂದ ಬರೆಯುತ್ತಿದ್ದೇವೆ.

2021ರಲ್ಲಿ ಆಕೆಯ ಎಡಸ್ತನದಲ್ಲಿ ಒಂದು ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಸ್ತನವನ್ನು ಉಳಿಸಿ ಗಂಟನ್ನೂ ಅದರ ಸುತ್ತಣ ಸ್ವಲ್ಪ ಭಾಗವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಬಳಿಕ ಕೀಮೋಥೆರಪಿ, ಅದರ ಬಳಿಕ ಕಿರಣಚಿಕಿತ್ಸೆ. ಆ ಒಂದು ವರ್ಷದ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ. ಎಲ್ಲ ಮುಗಿದ ಮೇಲೆ ದಿನಕ್ಕೊಂದು ಮಾತ್ರೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಎಂದು ನಿಯಮವಾಯಿತು. ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿಹಿಡಿದು ಕ್ಷಕಿರಣದಿಂದ ಚಿತ್ರ ತೆಗೆಯುವುದೇ ಮ್ಯಾಮೊಗ್ರಾಂ. ರೋಂಟ್ಗೆನ್ ಪಂಡಿತನು 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದು, ತನ್ನ ಹೆಂಡತಿಯ ಕೈಯನ್ನೇ ಚಿತ್ರ ತೆಗೆದನಷ್ಟೆ. ಉಂಗುರಸಹಿತವಾದ ಆ ಎಲುಬಿನ ಕೈಯನ್ನು ನಾವು ಪುಸ್ತಕಗಳಲ್ಲಿ ನೋಡಿದ್ದೇವೆ. 1913ರಲ್ಲಿ ಬರ್ಲಿನ್ನಿನ ಸಾಲೊಮನ್ ಎಂಬ ಶಸ್ತ್ರವೈದ್ಯನು ಶಸ್ತ್ರಕ್ರಿಯೆಯಲ್ಲಿ ತೆಗೆದ ಸ್ತನಗಳನ್ನು ಇದೇ ಕಿರಣಗಳಿಂದ ಪರೀಕ್ಷಿಸಿ ಈ ವಿದ್ಯೆಗೆ ದಾರಿಮಾಡಿದನು. ಹೆಂಡತಿಯ ಕೈಯ ಚಿತ್ರವನ್ನು ಕಂಡ ರೋಂಟ್ಗೆನ್ನನಿಗೆ ಆ ರಾತ್ರಿ ನಿದ್ದೆ ಬಂದಿತೋ ಇಲ್ಲವೋ ಎಂದು ನಾವು ಈಚೆಗೆ ಯೋಚಿಸಿದ್ದುಂಟು.

2022 ಮತ್ತು 2023ರ ಚಿತ್ರಗಳು ನಿರ್ಮಲವಾಗಿದ್ದುವೆಂದು ನಮಗೆ ಬಂದ ಬರಹದಲ್ಲಿದ್ದಿತು. 2024ರ ನವೆಂಬರಿನ ಕೊನೆಯಲ್ಲಿ ಮಾತ್ರ, ಚಿತ್ರ ತೆಗೆದ ಹುಡುಗಿ ಒಳಗಿನಿಂದ ಬಂದು, “ಇನ್ನೊಂದೆರಡು ಚಿತ್ರ ಬೇಕಂತೆ, ಅಮ್ಮ” ಎಂದಳು. ಅಷ್ಟೇ ಮಾತು. ಹೊರಗಿನ ಬೆಂಚಿನ ಮೇಲೆ ಆಕೆಯ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ನಮಗೆ ಎದುರಿನ ಗೋಡೆಯ ಗಡಿಯಾರ ನಿಂತುಹೋದಂತೆ ತೋರಿತು. ಆಮೇಲೆ ನೋಡಿದರೆ ಅದು ನಿಜವಾಗಿಯೂ ನಿಂತಿದ್ದಿತು. ಯಾರೋ ಬ್ಯಾಟರಿ ಹಾಕಿರಲಿಲ್ಲ.

ವೈದ್ಯೆ ನಮ್ಮಿಬ್ಬರನ್ನೂ ಕರೆದು ಪರದೆಯ ಮೇಲೆ ತೋರಿಸಿದರು. ಹಳೆಯ ಗಾಯದ ಕಲೆಯ ಬಳಿ ಬಿಳಿಯ ಸಣ್ಣ ಚುಕ್ಕೆಗಳು, ಚಿಟಿಕೆ ಮರಳು ಚೆಲ್ಲಿದಂತೆ. ಸುಣ್ಣದ ಕಣಗಳಂತೆ ಅವು. ಶಸ್ತ್ರವೂ ಕಿರಣವೂ ತಗುಲಿದ ಕಡೆಯಲ್ಲಿ ಕೊಬ್ಬು ಸತ್ತು, ಕೆಲವು ವರ್ಷಗಳ ತರುವಾಯ ಅದರ ಸುತ್ತ ಹೀಗೆ ಸುಣ್ಣ ಕಟ್ಟುವುದು ಸಾಮಾನ್ಯವೆಂದೂ, ಆದರೆ ಮರಳಿ ಬರುವ ರೋಗವೂ ಕೆಲವು ವೇಳೆ ಇಂಥ ಕಣಗಳಾಗಿಯೇ ಮೊದಲು ತೋರುವುದೆಂದೂ, ಎಳೆಯದರಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟವೆಂದೂ ಅವರು ಬಿಡಿಸಿ ಹೇಳಿದರು. ಈ ಚಿತ್ರಗಳನ್ನು ಸೊನ್ನೆಯಿಂದ ಆರರವರೆಗೆ ವರ್ಗಮಾಡುವ ಒಂದು ಕ್ರಮವಿದೆ. ಅಮೆರಿಕದ ಕ್ಷಕಿರಣವೈದ್ಯರ ಮಂಡಲಿ 1993ರಲ್ಲಿ ಏರ್ಪಡಿಸಿದ ಬೈ-ರ್ಯಾಡ್ಸ್ ಎಂಬುದು ಅದು. ಒಂದು, ಎರಡು ಎಂದರೆ ಚಿಂತೆಯಿಲ್ಲ; ನಾಲ್ಕು, ಐದು ಎಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕು. ನಮಗೆ ಬಂದುದು ಮೂರು. ಮೂರು ಎಂದರೆ “ಬಹುಶಃ ನಿರಪಾಯ”. ರೋಗವಿರುವ ಸಂಭವ ನೂರಕ್ಕೆ ಎರಡನ್ನು ಮೀರದು. ಆರು ತಿಂಗಳಿಗೆ ಮತ್ತೆ ಚಿತ್ರ ತೆಗೆದು ಹೋಲಿಸಿ ನೋಡತಕ್ಕದ್ದು.

ನಲವತ್ತು ವರ್ಷದಿಂದ ನಾವು ಅವ್ಯಯಗಳನ್ನು ಪಾಠ ಹೇಳಿಕೊಟ್ಟವರು. “ಬಹುಶಃ” ಎಂಬ ಅವ್ಯಯ ಇಷ್ಟು ಭಾರವಾಗಬಲ್ಲುದೆಂದು ಆ ದಿನವೇ ತಿಳಿಯಿತು.

ಹಿಂದಿನ ವರ್ಷಗಳ ಚಿತ್ರಗಳು ಎಲ್ಲಿ ಎಂದು ವೈದ್ಯೆ ಕೇಳಿದರು. ನಾವು ತಂದಿದ್ದುದು ಬರಹದ ಕಾಗದಗಳನ್ನು ಮಾತ್ರ. ಚಿತ್ರಗಳನ್ನು ಮನೆಯ ಬೀರುವಿನಲ್ಲಿ, ನಮ್ಮ ತಂದೆಯವರ ಓಲೆಗರಿಗಳ ಜೊತೆಗೆ ಪಟ್ಟೆವಸ್ತ್ರದಲ್ಲಿ ಸುತ್ತಿ ಭದ್ರಪಡಿಸಿದ್ದೆವು. “ಕಾಗದಕ್ಕಿಂತ ಚಿತ್ರ ನನಗೆ ಬೇಕು, ಹೊಸ ಚಿತ್ರದ ಅರ್ಥ ಹಳೆಯದರ ಪಕ್ಕದಲ್ಲಿಟ್ಟರೇ ತಿಳಿಯುವುದು” ಎಂದರು. ಮರುದಿನ ಒಯ್ದು ಕೊಟ್ಟೆವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಚುಕ್ಕೆಗಳಲ್ಲಿ ಎರಡು ಮೂರು ಹಿಂದಿನ ವರ್ಷವೇ ಮಸಕಾಗಿ ಇದ್ದುವು, ಆಗ ಅವು ಗಣನೆಗೆ ಬರುವಷ್ಟಿರಲಿಲ್ಲ ಎಂದರು. ಉಳಿದವು ಹೊಸವು. ಮೂರು ಮೂರಾಗಿಯೇ ಉಳಿಯಿತು.

ಇನ್ನು ನಮ್ಮ ತಪ್ಪೊಂದನ್ನು ಹೇಳಬೇಕಾಗಿದೆ. ಆಕೆ ಒಳಗೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ನಾವು ವೈದ್ಯೆಯನ್ನು ಮೊಗಸಾಲೆಯಲ್ಲಿ ತಡೆದು, ತಗ್ಗಿದ ದನಿಯಲ್ಲಿ, “ನಿಜವನ್ನು ನಮಗೊಬ್ಬರಿಗೆ ಹೇಳಿಬಿಡಿ” ಎಂದು ಬೇಡಿದೆವು. “ಅವರೆದುರಿಗೆ ಹೇಳಿದ್ದೇ ನಿಜ. ಇನ್ನೊಂದು ನಿಜವನ್ನು ನಾನು ಬಚ್ಚಿಟ್ಟಿಲ್ಲ” ಎಂದು ಅವರು ಹೊರಟುಹೋದರು. ಕದದ ಗಾಜಿನ ಆಚೆ ನಮ್ಮ ಮನೆಯಾಕೆ ನಿಂತಿದ್ದಳು. ಆಕೆ ಏನನ್ನೂ ಕೇಳಲಿಲ್ಲ. ಎರಡು ತಿಂಗಳ ಮಟ್ಟಿಗೆ ಏನನ್ನೂ ಹೇಳಲೂ ಇಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ಎದೆ ಕಿವುಚುತ್ತದೆ. ಚೂರು ತೆಗೆದು ಪರೀಕ್ಷೆ ಮಾಡಿಸಿಯೇಬಿಡೋಣವೆಂದು ನಮ್ಮ ಹಟ. ಅಷ್ಟು ಸಣ್ಣ ಸಂಶಯಕ್ಕೆ ಅದು ಅಗತ್ಯವಿಲ್ಲ, ಕಿರಣ ತಾಗಿದ ಮೈಯಲ್ಲಿ ಗಾಯ ಮಾಯುವುದೂ ನಿಧಾನ, ಬದಲಾವಣೆ ಕಂಡರೆ ಆಗ ಒಂದು ದಿನವನ್ನೂ ಕಳೆಯುವುದಿಲ್ಲ ಎಂದು ವೈದ್ಯೆ ಹೇಳಿದ್ದುದನ್ನು ಆಕೆ ಒಪ್ಪಿಕೊಂಡಿದ್ದಳು; ನಾವು ಒಪ್ಪಿರಲಿಲ್ಲ. ಹೊಸ ಗಂಟು, ಚರ್ಮದಲ್ಲಿ ಗುಳಿ ಅಥವಾ ಕೆಂಪು, ತೊಟ್ಟಿನಿಂದ ಸ್ರಾವ, ಕಂಕುಳಿನಲ್ಲಿ ಊತ, ಇವುಗಳಲ್ಲಿ ಯಾವುದು ಕಂಡರೂ ಆರು ತಿಂಗಳು ಕಾಯದೆ ಬರಬೇಕೆಂದು ಹೇಳಿದ್ದರಷ್ಟೆ. ನಾವು ದಿನಕ್ಕೆ ನಾಲ್ಕು ಸಲ “ಏನಾದರೂ ಕಂಡಿತೇ?” ಎಂದು ಕೇಳುತ್ತಿದ್ದೆವು. ನೆರೆಮನೆಯ ಹಿರಿಯರೊಬ್ಬರು, ಸುಣ್ಣವೆಂಬ ಮಾತನ್ನು ಕೇಳಿ, ರಾಗಿ, ಹಾಲು, ಎಲೆ ಅಡಿಕೆಯ ಸುಣ್ಣ ಎಲ್ಲವನ್ನೂ ನಿಲ್ಲಿಸಬೇಕೆಂದರು. ಹದಿನೈದು ದಿನ ಮನೆಯಲ್ಲಿ ಮುದ್ದೆಯಿಲ್ಲ. ಕೊನೆಗೆ ವೈದ್ಯೆಗೆ ಫೋನು ಮಾಡಿ ಕೇಳಿದರೆ, ತಿನ್ನುವ ಸುಣ್ಣದ ಅಂಶಕ್ಕೂ ಈ ಕಣಗಳಿಗೂ ಸಂಬಂಧವೇ ಇಲ್ಲವೆಂದು ನಕ್ಕುಬಿಟ್ಟರು.

ರಾತ್ರಿ ನಿದ್ದೆ ಬಾರದಾಗ ನಮಗೆ ತರ್ಕಪಾಠದ ಹಳೆಯ ಉದಾಹರಣೆ ನೆನಪಾಗುತ್ತಿತ್ತು. ಮುಸ್ಸಂಜೆಯಲ್ಲಿ ದೂರದಲ್ಲಿ ಏನೋ ಎತ್ತರವಾಗಿ ನಿಂತಿದೆ, ಮೋಟುಮರವೋ ಮನುಷ್ಯನೋ ತಿಳಿಯದು, ಇದೇ ಸಂಶಯ. ಹತ್ತಿರ ಹೋದರೆ ಕೈಕಾಲು ಕಾಣುವುದು, ಇಲ್ಲವೆ ಪೊಟರೆ ಕಾಣುವುದು; ಸಂಶಯ ಕಳೆಯುವುದು. ಹುಡುಗರಿಗೆ ಇದನ್ನು ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆವು! ಹತ್ತಿರ ಹೋಗುವ ಹಾಗಿಲ್ಲ, ಇದ್ದಲ್ಲಿಯೇ ಆರು ತಿಂಗಳು ನಿಂತಿರಬೇಕು ಎಂದರೆ ಏನು ಮಾಡತಕ್ಕದ್ದೆಂದು ಯಾವ ಹುಡುಗನೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಆಕೆ ಎಳ್ಳಿನ ತಟ್ಟೆಗಳನ್ನು ಒರಸಿಡುತ್ತ, “ಹೀಗೆ ಬಾಗಿಲು ಹಾಕಿಕೊಂಡು ಕುಳಿತರೆ ಕಾಲಿಗೆ ಬೇರು ಬಿಟ್ಟೀತು. ತಲಕಾಡಿಗೆ ಹೋಗೋಣ. ಮೂರು ಸಲ ಊರ ಹುಡುಗರನ್ನೆಲ್ಲ ಕರೆದುಕೊಂಡು ಹೋದಿರಿ, ನನ್ನನ್ನು ಒಂದು ಸಲವೂ ಕರೆಯಲಿಲ್ಲ” ಎಂದಳು.

ಆ ವಾರವೇ ಹೊರಟೆವು. 2023ರ ಜೂನಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಆದಕಾರಣ ಪ್ರಯಾಣದ ವೆಚ್ಚ ನಮ್ಮೊಬ್ಬರದೇ ಆಯಿತು. “ಇಬ್ಬರಲ್ಲಿ ನಾನೇ ಅಗ್ಗ” ಎಂದಳು. ಎಷ್ಟೋ ದಿನಗಳ ಮೇಲೆ ಕೇಳಿದ ಪರಿಹಾಸ. ಎಡತೋಳಿಗೆ, ಗ್ರಂಥಿಗಳನ್ನು ತೆಗೆದಂದಿನಿಂದ ಊದಿಕೊಳ್ಳುವುದುಂಟಾದ್ದರಿಂದ, ಬಿಗಿಯಾದ ತೋಳುಪಟ್ಟಿ ಹಾಕಿದ್ದಳು. ಬುತ್ತಿಯ ಚೀಲ ನಮ್ಮ ಹೆಗಲಿಗೆ.

ತಿರುಮಕೂಡಲು ನರಸೀಪುರದಲ್ಲಿ ಬಸ್ಸು ಬದಲಾಯಿಸಬೇಕು. ಕಾವೇರಿಯೂ ಕಪಿಲೆಯೂ ಕೂಡುವ ಸ್ಥಳ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುವುದೆಂದು ನಂಬಿ ತ್ರಿವೇಣಿ ಎನ್ನುವರು. 1989ರಲ್ಲಿ ಆರಂಭವಾದ ಕುಂಭಮೇಳ ಮುಂದಿನ ಫೆಬ್ರವರಿಯಲ್ಲಿ ಇದ್ದುದರಿಂದ ಅಂಗಡಿಗಳಲ್ಲೆಲ್ಲ ಅದೇ ಮಾತು. ಅಲ್ಲಿಯ ಗುಂಜಾನರಸಿಂಹನು ಬೆರಳುಗಳ ನಡುವೆ ಒಂದು ಗುಲಗಂಜಿ ಹಿಡಿದಿರುವನು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಅದರ ಅರ್ಥವಂತೆ. “ಅಷ್ಟು ಸಣ್ಣದನ್ನೂ ತೂಗಿ ನೋಡಿದ್ದಾರಲ್ಲ” ಎಂದು ಆಕೆ ಕೈಮುಗಿದಳು. ನಮಗೆ ನೂರರಲ್ಲಿ ಎರಡು ನೆನಪಾಯಿತು. ಆಕೆಗೂ ಆಗಿದ್ದಿರಬೇಕು; ಯಾರೂ ಬಾಯಿಬಿಡಲಿಲ್ಲ.

ಮುಡುಕುತೊರೆಯ ಮಲ್ಲಿಕಾರ್ಜುನನ ಬೆಟ್ಟವನ್ನು ಬಸ್ಸಿನಿಂದಲೇ ನೋಡಿದೆವು. ತಲಕಾಡಿನಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿದ್ದಿತು.

ತಲಕಾಡು ಗಂಗರ ರಾಜಧಾನಿಯಾಗಿದ್ದ ಊರು. ಅವರ ಬಳಿಕ ಚೋಳರು. ಚೋಳರಿಂದ ಹೊಯ್ಸಳ ವಿಷ್ಣುವರ್ಧನ ಗೆದ್ದುಕೊಂಡು ತಲಕಾಡುಗೊಂಡನೆನಿಸಿ, 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದನು. ಆ ರಾಜಧಾನಿ ಈಗ ಮರಳಿನಡಿಯಲ್ಲಿದೆ. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಹೂತಿವೆಯೆನ್ನುವರು. ಶ್ರೀರಂಗಪಟ್ಟಣವು 1610ರಲ್ಲಿ ಮೈಸೂರಿನ ರಾಜ ಒಡೆಯರ ವಶವಾದಾಗ ಅಲಮೇಲಮ್ಮ ಕಾವೇರಿಗೆ ಹಾರುತ್ತ ತಲಕಾಡು ಮರಳಾಗಲೆಂದು ಶಪಿಸಿದಳೆಂಬುದು ಜನರ ಕಥೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಮೇಲ್ಗಡೆ ಅಣೆಕಟ್ಟು ಹಾಕಿಸಲು, ನೀರು ತಗ್ಗಿ ನದಿಯ ಪಾತ್ರದ ಮರಳು ಬಯಲಾಗಿ, ನೈರುತ್ಯದ ಗಾಳಿಗೆ ಎದ್ದು ದಡದ ಊರಿನ ಮೇಲೆ ಬಿದ್ದಿತೆಂಬುದು ವಿದ್ವಾಂಸರ ವಿವರಣೆ. ಒಂದು ಕಾಲಕ್ಕೆ ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೊತ್ತಿ ಬರುತ್ತಿದ್ದಿತಂತೆ. ನಮಗೆ ವಿವರಣೆಯೇ ಸಮ್ಮತ. ಆದರೆ ಹೂತುಹೋದವನಿಗೆ “ಯಾರ ಶಾಪ?” ಎಂದು ಕೇಳಬೇಕೆನ್ನಿಸುವುದು ಸಹಜವೆಂಬುದನ್ನು ಈ ನಾಲ್ಕು ವರ್ಷಗಳಲ್ಲಿ ಕಲಿತಿದ್ದೇವೆ. 2021ರಲ್ಲಿ ನಮ್ಮ ಮನೆಯಲ್ಲಿಯೂ ಜಾತಕಗಳು ಹೊರಬಿದ್ದಿದ್ದುವು.

ಮೊದಲು ವೈದ್ಯೇಶ್ವರ. ಈ ಹೆಸರಿನ ಕಥೆಯನ್ನು ಆಕೆಗೆ ಹೇಳಿದೆವು. ತಲ, ಕಾಡ ಎಂಬ ಇಬ್ಬರು ಬೇಡರು ಕಾಡಾನೆಗಳು ಒಂದು ಮರವನ್ನು ಪೂಜಿಸುವುದನ್ನು ಕಂಡು, ಒಳಗೆ ಏನಿದೆಯೋ ನೋಡೋಣವೆಂದು ಕೊಡಲಿಯಿಂದ ಕಡಿದರು. ಮರದಿಂದ ರಕ್ತ ಸುರಿಯಿತು. ಅದೇ ಮರದ ಎಲೆಗಳನ್ನೂ ಕಾಯಿಯನ್ನೂ ಗಾಯಕ್ಕೆ ಕಟ್ಟುವಂತೆ ಅಶರೀರವಾಣಿಯಾಯಿತು. ಕಟ್ಟಲು ಗಾಯ ಮಾಯಿತು. ತನಗೆ ತಾನೇ ಮದ್ದು ಹೇಳಿಕೊಂಡ ಶಿವನು ವೈದ್ಯನಾದನು. ಗುಡಿಯ ಮುಂದಿನ ಎರಡು ವಿಗ್ರಹಗಳನ್ನು ಆ ಬೇಡರೆಂದೇ ಊರವರು ತೋರಿಸುವರು.

ಆಕೆ ಬಹಳ ಹೊತ್ತು ಆ ಇಬ್ಬರನ್ನು ನೋಡಿದಳು. “ಒಳಗೆ ಏನಿದೆಯೆಂದು ನೋಡುವ ಆತುರಕ್ಕೆ ಕೊಡಲಿ ಹಾಕಿದರು, ಅಲ್ಲವೆ?” ಎಂದಳು. ನಾವು ಉತ್ತರ ಹೇಳಲಿಲ್ಲ. ಬಯಾಪ್ಸಿಯ ಮಾತನ್ನು ನಾವು ಮತ್ತೆ ಎತ್ತಿಲ್ಲ. ಇಲ್ಲೊಂದು ಮಾತು ಹೇಳಿಬಿಡಬೇಕು: ವೈದ್ಯರು ಬೇಕೆಂದ ಬಯಾಪ್ಸಿಗೆ ಹಿಂಜರಿಯಬೇಕೆಂದು ಯಾರೂ ಇದರಿಂದ ಅರ್ಥ ಮಾಡಿಕೊಳ್ಳಬಾರದು. 2021ರಲ್ಲಿ ಆಕೆಯನ್ನು ಉಳಿಸಿದ್ದು ಆ ಸೂಜಿಯೇ.

ಅಲ್ಲಿಂದ ಮರಳಿನ ದಾರಿ. ಗಾಳಿಗೆ ಮರಳು ಚಲಿಸದಂತೆ ನೆಟ್ಟ ಸರ್ವೆ ಮತ್ತು ನೀಲಗಿರಿ ಮರಗಳ ನಡುವೆ ಏರಿಳಿಯುತ್ತ ಹೋಗಬೇಕು. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುವುದು. ಪಾತಾಳೇಶ್ವರನ ಗುಡಿ ಹೆಸರಿಗೆ ತಕ್ಕಂತೆ ನೆಲದಿಂದ ಎಷ್ಟೋ ಕೆಳಗೆ, ಮೆಟ್ಟಿಲಿಳಿದರೆ ತಂಪು. ಮರುಳೇಶ್ವರ, ಕೀರ್ತಿನಾರಾಯಣರೂ ತಗ್ಗಿನಲ್ಲಿಯೇ ಇರುವರು. ಈ ಗುಡಿಗಳ ಸುತ್ತಣ ಮರಳನ್ನು ತೆಗೆಯುವುದು ಒಂದು ದಿನಕ್ಕೆ ಮುಗಿದ ಕೆಲಸವಲ್ಲ. ಈ ಊರಿನಲ್ಲಿ 1990ರ ದಶಕದಲ್ಲಿಯೂ ಉತ್ಖನನ ನಡೆಯಿತು. ಇನ್ನೂ ಎಷ್ಟೋ ದಿಣ್ಣೆಗಳು ಹಾಗೆಯೇ ಇವೆ. ಅಗೆಯದ ಒಂದು ದಿಣ್ಣೆಯ ಮೇಲೆ ಎಳನೀರು ಮಾರುವ ಹೆಂಗಸು ಕುಳಿತಿದ್ದಳು. ಕೆಳಗೆ ಏನಿದೆಯಮ್ಮ ಎಂದು ನಾವು ಕೇಳಿದುದಕ್ಕೆ, “ಗುಡಿ ಇದ್ದರೂ ಇದ್ದೀತು ಸ್ವಾಮಿ, ಬರೀ ಮರಳಿದ್ದರೂ ಇದ್ದೀತು. ನನ್ನ ಅತ್ತೇನೂ ಇಲ್ಲೇ ಕೂತು ಮಾರ್ತಿದ್ರು” ಎಂದಳು. ಬಳಿಕ ನಮ್ಮ ಮನೆಯಾಕೆಯ ತೋಳುಪಟ್ಟಿಯನ್ನು ನೋಡಿ, “ಕೈಗೆ ಏನಾಯ್ತವ್ವ?” ಎಂದು ಕೇಳಿದಳು. ಬಂಧುಗಳು ಕೇಳಿದರೆ “ಬಿದ್ದು ಉಳುಕಿತು” ಎನ್ನುವುದು ಆಕೆಯ ವಾಡಿಕೆ. ಅಂದು ಮಾತ್ರ, “ಎದೆಯಲ್ಲಿ ಕ್ಯಾನ್ಸರ್ ಆಗಿತ್ತು, ತೆಗೆದಿದ್ದಾರೆ” ಎಂದುಬಿಟ್ಟಳು. “ಈಗ ವಾಸಿಯಾಯ್ತಾ?” “ನೋಡಬೇಕು, ಮೇ ತಿಂಗಳಿಗೆ ಹೇಳ್ತಾರೆ.” ಆ ಹೆಂಗಸು ತಲೆದೂಗಿ, ಕೊಚ್ಚಿದ ಎಳನೀರನ್ನು ಆಕೆಯ ಬಲಗೈಗೇ ಕೊಟ್ಟಳು.

ಹೊಳೆಯ ದಡದಲ್ಲಿ, ನೆರಳಿನಲ್ಲಿ, ಬುತ್ತಿ ಬಿಚ್ಚಿದೆವು. ಮೊಸರನ್ನ, ಮಾವಿನ ಉಪ್ಪಿನಕಾಯಿ. ಹೊಳೆಯಲ್ಲಿ ಹುಡುಗರು ಬುಟ್ಟಿದೋಣಿಯವನೊಡನೆ ಚೌಕಾಸಿ ಮಾಡುತ್ತಿದ್ದರು. ಅಲ್ಲಿ ಆಕೆ ಎರಡು ತಿಂಗಳ ಮಾತನ್ನು ಆಡಿದಳು.

“ಆ ದಿನ ಮೊಗಸಾಲೆಯಲ್ಲಿ ನೀವು ಕೇಳಿದ್ದನ್ನು ನೋಡಿದೆ. ನಿಮಗೆ ಬೇರೆ, ನನಗೆ ಬೇರೆ ಎಂದು ಎರಡು ನಿಜ ಮಾಡಬೇಡಿ. ಅಂದಿನಿಂದ ನೀವು ನಕ್ಕರೂ, ಇವರಿಗೆ ಏನೋ ಗೊತ್ತಿದೆ ಎಂದು ನಾನು ಹೆದರುತ್ತೇನೆ. ಮತ್ತೆ, ನೂರಕ್ಕೆ ಎರಡು ಎಂದು ನನಗೆ ಸಮಾಧಾನ ಹೇಳಬೇಡಿ. ನೂರು ಜನರನ್ನು ಸಾಲಾಗಿ ನಿಲ್ಲಿಸಿದವರಿಗೆ ಅದು ಎರಡು. ನನಗೆ ಅದು ಒಂದೋ, ಸೊನ್ನೆಯೋ.”

ನಾವು ತಪ್ಪಾಯಿತೆಂದೆವು. ಹಾಗೆ ಹೇಳುವ ಅಭ್ಯಾಸ ಉಪಾಧ್ಯಾಯರಿಗೆ ಕಡಮೆ.

“ಹೆದರಿಕೆ ಎಷ್ಟು ಹೊತ್ತಿಗೆ?” ಎಂದು ಕೇಳಿದೆವು. ಮೂರು ಗಂಟೆಯ ರಾತ್ರಿಗೆ ಎಚ್ಚರವಾಗುವುದೆಂದಳು. ನಮಗೂ ಅದೇ ಹೊತ್ತಿಗೆ. ಒಂದೇ ಕೋಣೆಯಲ್ಲಿ ಇಬ್ಬರೂ ಎಚ್ಚೆತ್ತು, ಇನ್ನೊಬ್ಬರು ಮಲಗಿದ್ದಾರೆಂದು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆವೆಂದು ತಿಳಿದು, ಏನು ಹೇಳೋಣ, ಇಬ್ಬರಿಗೂ ನಗು ಬಂದಿತು.

ಅಲ್ಲಿ ಒಂದು ಒಪ್ಪಂದವಾಯಿತು. ಸೂಚಿಸಿದವಳು ಆಕೆ. ಸಂಸ್ಕೃತ ಪಾಠಶಾಲೆಗಳಲ್ಲಿ ಅಮಾವಾಸ್ಯೆ ಅನಧ್ಯಯನದ ದಿನ; ಅಂದು ಪಾಠವಿಲ್ಲ. ನಮ್ಮ ಮನೆಯಲ್ಲಿ ಅಂದು ಮಾತ್ರ ಈ ಪಾಠ. ಅಮಾವಾಸ್ಯೆಯ ದಿನ ಚುಕ್ಕೆಗಳ ಮಾತು, ಸಾವಿನ ಮಾತು, ಮಗನಿಗೆ ಹೇಳಬೇಕೋ ಬೇಡವೋ ಎಂಬ ಮಾತು, ಎಷ್ಟು ಬೇಕಾದರೂ ಆಡಬಹುದು, ಅಳಲೂಬಹುದು. ಉಳಿದ ದಿನಗಳಲ್ಲಿ “ಏನಾದರೂ ಕಂಡಿತೇ?” ಎಂದು ನಾವು ಕೇಳಕೂಡದು, ಏನಾದರೂ ಕಂಡರೆ ಆಕೆ ಅಮಾವಾಸ್ಯೆಗೆ ಕಾಯದೆ ಹೇಳತಕ್ಕದ್ದು. ಮೂರು ಗಂಟೆಗೆ ಎಚ್ಚರವಾದರೆ ಇಬ್ಬರೂ ಎದ್ದು ದೀಪ ಹಾಕಿ ಕಾಫಿ ಮಾಡಿಕೊಳ್ಳತಕ್ಕದ್ದು.

ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ನಮ್ಮ ಹೆಗಲಿಗೆ ಒರಗಿ ನಿದ್ದೆ ಹೋದಳು. ಕಾಲಿನ ಬೆರಳುಗಳ ಸಂದಿನಲ್ಲಿ ಮರಳು ಹಾಗೆಯೇ ಇದ್ದಿತು.

ಒಪ್ಪಂದವನ್ನು ಎಲ್ಲ ಕಾಲದಲ್ಲಿಯೂ ಪಾಲಿಸಿದೆವೆಂದು ಹೇಳಲಾರೆವು. ಫೆಬ್ರವರಿಯಲ್ಲಿ ನಾವು ಎರಡು ಸಲ ಮುರಿದೆವು, ಒಂದು ಸಲ ಆಕೆ. ಯುಗಾದಿಯ ಹಿಂದಿನ ಅಮಾವಾಸ್ಯೆಯಂದು ಬೇವುಬೆಲ್ಲದ ಸಿದ್ಧತೆಯ ನಡುವೆ ಮಾತನಾಡುವುದಕ್ಕೆ ಪುರಸೊತ್ತೇ ಆಗಲಿಲ್ಲ. ಅದು ಇಬ್ಬರಿಗೂ ನೆನಪಾದುದು ಮರುದಿನ. ಕಾಫಿಯ ಪುಡಿಯ ಖರ್ಚು ಮಾತ್ರ ಹೆಚ್ಚಿತು.

ಐದನೆಯ ಅಮಾವಾಸ್ಯೆ ಕಳೆದ ಮೂರನೆಯ ದಿನ ಮತ್ತೆ ಆಸ್ಪತ್ರೆಗೆ ಹೋದೆವು. ಈ ಬಾರಿ ಹಳೆಯ ಚಿತ್ರಗಳೆಲ್ಲ ನಮ್ಮ ಚೀಲದಲ್ಲಿದ್ದುವು. ಹುಡುಗಿ ಹೊರಗೆ ಬಂದು, “ಇನ್ನೊಂದು ಚಿತ್ರ ಬೇಕಂತೆ” ಎಂದಾಗ ಕೈ ತಣ್ಣಗಾದುದು ಸುಳ್ಳಲ್ಲ. ಒಳಗೆ ಹೋದಾಗ ವೈದ್ಯೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದರು. ಚುಕ್ಕೆಗಳು ಹೆಚ್ಚಿಲ್ಲ. ಕೆಲವು ಸ್ವಲ್ಪ ದಪ್ಪವಾಗಿ ಬಳೆಯ ಅಂಚಿನಂತೆ ಸುತ್ತಿಕೊಳ್ಳುತ್ತಿವೆ, ಅದು ಸತ್ತ ಕೊಬ್ಬಿನ ಲಕ್ಷಣ, ಒಳ್ಳೆಯದು ಎಂದರು. ಆದರೆ ವರ್ಗವನ್ನು ಈಗಲೇ ಎರಡಕ್ಕೆ ಇಳಿಸುವುದಿಲ್ಲ, ಮೂರೇ ಇರಲಿ, ನವೆಂಬರಿನಲ್ಲಿ ಎರಡೂ ಕಡೆಯ ವಾರ್ಷಿಕ ಚಿತ್ರದ ಜೊತೆಗೆ ನೋಡೋಣ ಎಂದರು. ನಾವು ಮೊಗಸಾಲೆಯಲ್ಲಿ ಯಾರನ್ನೂ ತಡೆಯಲಿಲ್ಲ. ಆಕೆ ಮಾತ್ರ ಬಾಗಿಲಲ್ಲಿ ತಿರುಗಿ ನಿಂತು, “ಇವರಿಗೆ ಬೇರೆ ಏನಾದರೂ ಹೇಳುವುದಿದೆಯೆ?” ಎಂದು ವೈದ್ಯೆಯನ್ನು ಕೇಳಿದಳು. ಇಲ್ಲವೆಂದು ಅವರು ನಕ್ಕರು.

ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರನ್ನು ಇಳಿಸಿ, ನವೆಂಬರಿನ ಪುಟ ತೆಗೆದು, ಹಾಲಿನ ಲೆಕ್ಕದ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದಳು. ನಡುವೆ ಬರುವ ಅಮಾವಾಸ್ಯೆಗಳನ್ನು ಬೆರಳಿನಲ್ಲಿ ಎಣಿಸಿದಳು. ಅನಂತರ ಕ್ಯಾಲೆಂಡರನ್ನು ಮೊಳೆಗೆ ತೂಗುಹಾಕಿ, ಕಾಯಿ ಗಟ್ಟಿಯಾಗಿರುವಾಗಲೇ ಉಪ್ಪಿನಕಾಯಿ ಹಾಕಿಬಿಡಬೇಕು, ಇನ್ನೊಂದು ವಾರ ಬಿಟ್ಟರೆ ಎಲ್ಲ ಹಣ್ಣಾದೀತು ಎಂದು ನಮ್ಮ ಕೈಗೆ ಚೀಲ ಕೊಟ್ಟಳು. ಮಾರುಕಟ್ಟೆ ಮುಚ್ಚುವುದಕ್ಕೆ ಇನ್ನೂ ಹೊತ್ತಿದ್ದಿತು. ಚಪ್ಪಲಿ ಮೆಟ್ಟಿ ಹೊರಟೆವು.